ಲಾರಿ ಹೋಗುವ ತನಕ ಎತ್ತಿದ ಕೈ

ಮಿಕ್ಸರ್ ಶುರುವಾದ ಕೂಡಲೇ ನಿಮ್ಮ ಅವ್ವ ಮಾತು ನಿಲ್ಲಿಸಿ ಬಲಗೈ ಮೇಲೆತ್ತುತ್ತಾಳೆ. ಮಿಕ್ಸರ್ ನಿಲ್ಲುವವರೆಗೆ ಕೈ ಹಾಗೆಯೇ ಇರುತ್ತದೆ. ನಿಂತ ಮೇಲೆ, ಯಾವ ಶಬ್ದಕ್ಕೆ ಬಿಟ್ಟಿದ್ದಳೋ ಅದೇ ಶಬ್ದದಿಂದ ಮಾತು ಮುಂದುವರಿಸುತ್ತಾಳೆ. ಓಣಿಯಲ್ಲಿ ಯಾರಾದರೂ ಮೋಟರ್ ಸೈಕಲ್ಲು ಗುಡುಗುಡು ಎನ್ನಿಸಿಕೊಂಡು ಹೋದರೂ ಹೀಗೆಯೇ. ನೀವಿಬ್ಬರೂ ಅದನ್ನು ನೋಡಿ ಬಹಳ ನಗುತ್ತೀರಿ. ಸಣ್ಣವನಂತೂ ಊಟದ ತಾಟಿಗೆ ಬದನೆಕಾಯಿ ಪಲ್ಯ ಬಂತೆಂದರೆ ಕೈಯೆತ್ತಿ ಕಣ್ಣು ಮುಚ್ಚಿ ಕುಳಿತುಬಿಡುತ್ತಾನೆ. ಮೊನ್ನೆ ದೊಡ್ಡವಳು, "ಅವ್ವಾ, ನೀ ಹಿಂಗ್ಯಾಕ ಮಾಡ್ತಿ?" ಎಂದು ಕೇಳಿದಾಗ ಅವಳು, "ಅದನ್ನ ನಿಮ್ಮ ಆಯಿನ್ನ ಕೇಳ್ರಿ" ಎಂದು ನಿಮ್ಮ ಅಜ್ಜಿಯಾದ ನನ್ನ ಕಡೆ ಬೆರಳು ಮಾಡಿ ಒಳಗೆ ಹೋದಳು.

ನನಗೆ ಬಾಯಿಬಿಟ್ಟು ಕಥೆ ಹೇಳಲು ಬರುವುದಿಲ್ಲ. ನಾಲ್ಕು ಮಂದಿ ನನ್ನ ಮುಖ ನೋಡಿದರೆ ಅಂಗೈ ಬೆವರುತ್ತದೆ. ಫೋನಿನಲ್ಲೂ ಅಷ್ಟೇ, ನನ್ನ ಮಾತು "ಹೂಂ" ಮತ್ತು "ಆತು" ಎಂಬಲ್ಲಿಗೆ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪು ಕಂಡರೆ ನಿಮ್ಮ ಅವ್ವನಿಗೆ ತೋರಿಸಿ ತಿದ್ದಿಸಿಕೊಳ್ಳಿ.

ಆಗ ದೊಡ್ಡವಳು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಸಣ್ಣವನು ಹುಟ್ಟಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಅವರು ಇರುವವರೆಗೆ ಸವಣೂರಿನ ಹೊರಗೆ ಎಲೆಬಳ್ಳಿಯ ತೋಟ ಮಾಡುತ್ತಿದ್ದೆವು. ಅವರು ಹೋದ ಮೇಲೆ ತೋಟವನ್ನು ಬೇರೆಯವರು ನೋಡಿಕೊಂಡರು. ನನಗೆ ಮನೆಯಲ್ಲಿ ಕೂಸು ಆಡಿಸುವುದೇ ಕೆಲಸ. ನಿಮ್ಮ ಅವ್ವ ಆ ವರ್ಷ ಬಂಕಾಪುರದ ಕಡೆ ಹೆದ್ದಾರಿಗೆ ಅಂಟಿಕೊಂಡಿದ್ದ ಒಂದು ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದಳು. ಏಳನೆಯ ವರ್ಗಕ್ಕೆ ಗಣಿತ.

ಅವಳ ತವರು ಹಿರೇಕೆರೂರಿನ ಕಡೆಯ ಹಳ್ಳಿ ಎಂಬುದು ನಿಮಗೆ ಗೊತ್ತು. ಆ ಮನೆಯಲ್ಲಿ ಬಿ.ಇಡಿ. ಮಾಡಿದವಳು ಅವಳೊಬ್ಬಳೇ. ಸಣ್ಣವಳಿದ್ದಾಗ ದನದ ಕೊಟ್ಟಿಗೆಯ ಬಾಗಿಲಿಗೆ ಇದ್ದಿಲಿನಿಂದ ಲೆಕ್ಕ ಬರೆದು, ಕಟ್ಟಿಹಾಕಿದ ಎಮ್ಮೆಗಳಿಗೆ ಪಾಠ ಹೇಳುತ್ತಿದ್ದಳಂತೆ. ಮದುವೆಯ ಮಾತುಕತೆಗೆ ಹೋದಾಗ ಅವಳ ತಾಯಿ ನನಗೆ ಹೇಳಿದ ಮಾತು ಇದೊಂದೇ: "ಬ್ಯಾರೆ ಏನೂ ಕೇಳೂದಿಲ್ಲರಿ ಬೀಗರ, ಆಕಿಗೆ ಸಾಲಿ ಕಲಸಾಕ ಬಿಡ್ರಿ." ನಾನು ಹೂಂ ಅಂದಿದ್ದೆ. ನಾನು ಹೂಂ ಅಂದರೆ ಹೂಂ.

ಮೊದಲ ದಿನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ನಿಮ್ಮ ಅಜ್ಜನ ಫೋಟೋಕ್ಕೆ ಕೈಮುಗಿದು ಬಸ್ಸಿಗೆ ಹೋದಳು. ಸಂಜೆ ಬಂದಾಗ ಗಂಟಲು ಕಟ್ಟಿತ್ತು. ಮರುದಿನವೂ ಹಾಗೆಯೇ. ವೀಳ್ಯದೆಲೆಯಲ್ಲಿ ಎರಡು ಮೆಣಸಿನಕಾಳು, ಒಂದು ಹರಳು ಉಪ್ಪು ಇಟ್ಟು ಕೊಡುತ್ತಿದ್ದೆ. ಅಗಿದು ರಸ ನುಂಗಿ, ಗೋಡೆಗೆ ಒರಗಿ ಕೂಡುತ್ತಿದ್ದಳು.

"ಅತ್ತಿ, ಅವು ಹುಡುಗುರಲ್ಲ, ಜೇನುಹುಳ" ಅನ್ನುತ್ತಿದ್ದಳು. "ನಾ ಬೋರ್ಡಿನ ಕಡೆ ಮುಖ ಮಾಡಿದ್ರ ಸಾಕು, ಗೂಡಿಗೆ ಕಲ್ಲು ಬಿದ್ದಂಗ."

ಏನೇನು ಮಾಡಲಿಲ್ಲ ಅವಳು. ಮೇಜು ಕುಟ್ಟಿದಳು. ಸುಮ್ಮನೆ ಕೈಕಟ್ಟಿ ನಿಂತು ನೋಡಿದಳು. ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯಲು ಒಬ್ಬ ಮಾನಿಟರನನ್ನು ನಿಲ್ಲಿಸಿದಳು. ಅದರಿಂದ ಗದ್ದಲ ಹೆಚ್ಚೇ ಆಯಿತು, "ನನ್ನ ಹೆಸರ್ಯಾಕ ಬರದಿ, ಅವಂದ್ಯಾಕ ಬರೀಲಿಲ್ಲ" ಎಂಬ ಜಗಳ. ಕೊನೆಗೆ ಹೆಡ್ ಮಾಸ್ತರರು ಕೋಲು ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರು ಇರುವವರೆಗೆ ಉಸಿರಿನ ಸಪ್ಪಳವೂ ಇಲ್ಲ. ಹೋದರೆ ಮತ್ತೆ ಅದೇ. "ನಿಮ್ಮದು ಇನ್ನೂ ಅಂಜಿಕಿ ಬಿದ್ದಿಲ್ಲರಿ ಟೀಚರ. ದಸರಾ ತನಕ ನೋಡೂಣು" ಎಂದು ಅವರು ಹೇಳಿದ್ದರು. ಕೆಟ್ಟವರಲ್ಲ. ಆದರೆ ಆ 'ನೋಡೂಣು' ನಮ್ಮ ಮನೆಯಲ್ಲಿ ಬಂದು ಕುಳಿತುಬಿಟ್ಟಿತು. ನಿಮ್ಮ ಅವ್ವ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಏಳತೊಡಗಿದಳು.

ಒಂದು ಬುಧವಾರ ಅವಳು ಕನ್ನಡಕ ಮರೆತು ಹೋದಳು. ಅದಿಲ್ಲದಿದ್ದರೆ ಅವಳಿಗೆ ಮೊದಲ ಬೆಂಚು ಬಿಟ್ಟು ಆಚೆ ಎಲ್ಲ ಮಂಜು. ಕಿಟಕಿಯ ಮೇಲೆ ಕನ್ನಡಕ ನೋಡಿದ ನಾನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆ. ನಿಮ್ಮ ಅಪ್ಪ ಕೆಲಸಕ್ಕೆ ಹೋಗಿಯಾಗಿತ್ತು. ಬೇರೆ ಯಾರೂ ಇರಲಿಲ್ಲ. ದೊಡ್ಡವಳನ್ನು ಬಗಲಲ್ಲಿ ಎತ್ತಿಕೊಂಡು, ಕನ್ನಡಕವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಶಾಲೆಯ ಗೇಟಿನವರೆಗೆ ಧೈರ್ಯವಾಗಿ ಬಂದೆ. ಒಳಗೆ ನೋಡಿದರೆ ಆಫೀಸಿನ ಮುಂದೆ ಮಾಸ್ತರರು ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಅವರ ಮುಂದೆ ಹಾದುಹೋಗಿ, ಯಾರು, ಏನು, ಎಲ್ಲಿಂದ ಎಂದು ಹೇಳುವುದನ್ನು ನೆನೆದೇ ಕಾಲು ಹಿಂದಕ್ಕೆ ಬಂದವು. ಕಟ್ಟಡವನ್ನು ಸುತ್ತುಹಾಕಿ ಹಿತ್ತಲ ಕಡೆ ಹೋದೆ. ಅಲ್ಲಿ ಹುಣಸೆಯ ಮರ, ಅದರ ಎದುರಿಗೆ ಏಳನೆಯ ವರ್ಗದ ಹಿಂಬದಿಯ ಕಿಟಕಿ. ಹೆದ್ದಾರಿ ಇದ್ದದ್ದು ಇದೇ ಮಗ್ಗುಲಿಗೆ. ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂಸನ್ನು ಕೂರಿಸಿಕೊಂಡು, ಗಂಟೆ ಹೊಡೆಯಲಿ, ಆಮೇಲೆ ಕೊಡೋಣ ಎಂದು ಕಾದೆ.

ಗೇಟಿನಲ್ಲಿ ನಿಂತಾಗ ಆ ವರ್ಗದ ಗದ್ದಲ ಸಂತೆಯಂತೆ ಕೇಳಿತ್ತು. ಕಿಟಕಿಯ ಬುಡಕ್ಕೆ ಬಂದು ಕುಳಿತ ಮೇಲೆ ಮಾತುಗಳು ಬಿಡಿಬಿಡಿಯಾಗಿ ಕೇಳತೊಡಗಿದವು.

"ಏನಂದ್ರಬೇ?"

"ಛೇದ ಸಮ ಮಾಡ್ರಿ ಅಂದ್ರು."

"ಛೇದ ಅಂದ್ರ ಮ್ಯಾಲಿಂದೋ ಕೆಳಗಿಂದೋ?"

"ಲಾರಿ ಹೋತಲ್ಲ, ಕೇಳಲಿಲ್ಲ. ಮುಂದಿನಾಕಿನ್ನ ಕೇಳು."

"ಏ, ಛೇದ ಮ್ಯಾಲಿಂದೋ ಕೆಳಗಿಂದೋ ಅಂತ ಕೇಳಾಕತ್ತಾರ."

"ಕೆಳಗಿಂದು ಅಂತ ಹೇಳು. ಅಲ್ಲಲ್ಲ, ತಡಿ, ಅವನ್ನ ಕೇಳ್ತೇನಿ."

ಪ್ರಶ್ನೆ ಕೊನೆಯ ಬೆಂಚಿನಿಂದ ಹೊರಟು ಒಂದೊಂದೇ ಬೆಂಚು ದಾಟಿ ಮುಂದೆ ಹೋಗುತ್ತಿತ್ತು. ಉತ್ತರ ಅದೇ ದಾರಿಯಲ್ಲಿ ಹಿಂದೆ ಬರುತ್ತಿತ್ತು. ಬರುವಷ್ಟರಲ್ಲಿ ಟೀಚರ್ ಮುಂದಿನ ಲೆಕ್ಕಕ್ಕೆ ಹೋಗಿರುತ್ತಿದ್ದಳು. ಆಗ ಹೊಸ ಪ್ರಶ್ನೆ ಹೊರಡುತ್ತಿತ್ತು. ಎಲ್ಲವೂ ಪಾಠದ ಮಾತೇ ಎಂದು ನಾನು ಸುಳ್ಳು ಹೇಳುವುದಿಲ್ಲ. ಯಾರದೋ ಆಡು ಮರಿ ಹಾಕಿದ ಸುದ್ದಿಯೂ ಇತ್ತು, ಒಬ್ಬನ ಹೊಸ ಹೇರ್ ಕಟಿಂಗಿನ ಚೇಷ್ಟೆಯೂ ಇತ್ತು. ಆದರೆ ಆ ಸುದ್ದಿಗಳೆಲ್ಲ ಲಾರಿ ಹೋದಾಗ, ಹೇಗಿದ್ದರೂ ಕೇಳಿಸದು ಎಂದಾದಾಗ ಹುಟ್ಟುತ್ತಿದ್ದವು. ಮುಂದೆ ನಿಂತವಳಿಗೆ ಇದು ಯಾವುದೂ ತಿಳಿಯುವಂತಿರಲಿಲ್ಲ. ಮೇಜು ಕುಟ್ಟುವ ಸಪ್ಪಳ ಬಂತು, ನಿಮ್ಮ ಅವ್ವನ ಸೀಳಿದ ದನಿ ಬಂತು.

ಅಷ್ಟರಲ್ಲಿ ಕೂಸು ಕಿಟಕಿಯ ಸರಳು ಹಿಡಿದು ಎದ್ದು ನಿಂತಿತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಬಗ್ಗಿ ನೋಡಿದಳು. ದೊಡ್ಡ ಕಣ್ಣು, ಎರಡು ಜಡೆ, ಹೊಲದ ಆಚೆಗೂ ಕೇಳಿಸುವಂಥ ಗಂಟಲು. ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವರ ಮಗಳು ಅವಳು, ಆಮೇಲೆ ತಿಳಿಯಿತು.

"ಯಾರು ಬೇಕ್ರಿ ಆಯಿ?"

ನಾನು ಮಾತಾಡದೆ ಸೆರಗು ಬಿಚ್ಚಿ ಕನ್ನಡಕ ತೋರಿಸಿದೆ.

"ಅಯ್ಯ, ಟೀಚರ್ ಚಸ್ಮಾ" ಎಂದು ಅದನ್ನು ಸರಳಿನ ನಡುವೆ ತೆಗೆದುಕೊಂಡು, ಎರಡೂ ಅಂಗೈಯಲ್ಲಿಟ್ಟು ಮುಂದಿನ ಬೆಂಚಿಗೆ ಕೊಟ್ಟಳು. "ಹುಷಾರಲೇ. ಗಾಜು ಮುಟ್ಟಬ್ಯಾಡ. ಒಡದ್ರ ನಿಮ್ಮ ಅಪ್ಪ ಕೊಡಸ್ತಾನನ?"

ಕನ್ನಡಕ ಕೈಯಿಂದ ಕೈಗೆ ಹೊರಟಿತು. ಎಲ್ಲರ ಕಣ್ಣೂ ಅದರ ಮೇಲೆ. ಒಬ್ಬೊಬ್ಬರೂ ಹಾಲಿನ ಬಟ್ಟಲು ದಾಟಿಸಿದಂತೆ ದಾಟಿಸಿದರು. ಮಾತು ನಿಂತಿತು. ಎಲ್ಲವೂ ಮಂಜಾಗಿ ಕಾಣುತ್ತಿದ್ದ ನಿಮ್ಮ ಅವ್ವ, ಇದೇನು ಇದ್ದಕ್ಕಿದ್ದಂತೆ ವರ್ಗ ಸುಮ್ಮನಾಯಿತು ಎಂದು ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. ಕನ್ನಡಕ ಅವಳ ಕೈಗೆ ಬಂತು. ಹಾಕಿಕೊಂಡಳು, ಕಿಟಕಿಯಲ್ಲಿ ತನ್ನ ಮಗಳನ್ನು ಕಂಡಳು. ನಾನು ಕೂಸನ್ನು ಎತ್ತಿಕೊಂಡು ಬೇಗಬೇಗ ಬಸ್ಸಿನ ಕಡೆ ನಡೆದೆ. ಗೇಟು ದಾಟುವಷ್ಟರಲ್ಲಿ ಒಂದು ಟ್ಯಾಂಕರ್ ಹೋಯಿತು, ಗದ್ದಲ ಮತ್ತೆ ಶುರುವಾಯಿತು.

ಬಸ್ಸಿನಲ್ಲಿ ನನಗೆ ನಮ್ಮೂರಿನ ಶಾಲೆ ನೆನಪಾಯಿತು. ಹಾನಗಲ್ಲಿನ ಕಡೆಯ ಹಳ್ಳಿ, ಹನುಮಪ್ಪನ ಗುಡಿಯ ಪಡಸಾಲೆಯೇ ಶಾಲೆ. ಹುಡುಗರು ಮುಂದೆ, ನಾವು ನಾಲ್ಕಾರು ಹುಡುಗಿಯರು ಹಿಂದೆ, ಕಂಬದ ಮರೆಗೆ ಗೋಣಿತಟ್ಟಿನ ಮೇಲೆ. ಮಾಸ್ತರರ ಮಾತು ಅರ್ಧ ನಮಗೆ ಮುಟ್ಟುತ್ತಿರಲಿಲ್ಲ. ನನಗೆ ಕೇಳಲು ನಾಚಿಕೆ. ಸುಮ್ಮನೆ ಕುಳಿತೇ ಏಳನೆಯ ವರ್ಗ ಮುಗಿಸಿದೆ, ಶಾಂತ ಹುಡುಗಿ ಎಂದು ಹೊಗಳಿಸಿಕೊಂಡೆ. ಆ ಪಂಕ್ಚರ್ ಅಂಗಡಿಯ ಹುಡುಗಿಗೆ ಆ ನಾಚಿಕೆ ಇರಲಿಲ್ಲ. ಕೇಳಿಸದಿದ್ದರೆ ಕೇಳುತ್ತಿದ್ದಳು. ಅದಕ್ಕೇ ಅವಳು ಗದ್ದಲದ ಹುಡುಗಿ.

ಇದನ್ನು ನಿಮ್ಮ ಅವ್ವನಿಗೆ ಹೇಳಬೇಕಿತ್ತು. ಹೇಳುವುದು ಹೇಗೆ? ಸೊಸೆ ಸೋತು ಬಂದಾಗ ಅತ್ತೆಯಾದವಳು "ನೀ ಹಿಂಗ ಮಾಡಬೇಕಿತ್ತು" ಎಂದರೆ ಅದು ಗಾಯಕ್ಕೆ ಉಪ್ಪು. ಅದೂ ಏಳನೆಯ ವರ್ಗ ಕಲಿತ ಅತ್ತೆ, ಬಿ.ಇಡಿ. ಮಾಡಿದ ಸೊಸೆಗೆ. ಸಂಜೆ ರೊಟ್ಟಿ ಬಡಿಯುತ್ತ ಮನಸ್ಸಿನಲ್ಲೇ ಮಾತು ಜೋಡಿಸಿದೆ, ಕೆಡಿಸಿದೆ. ಒಂದು ರೊಟ್ಟಿ ಹೊತ್ತಿಹೋಯಿತು. ಅವಳು ಕೈಕಾಲು ತೊಳೆದು ಬಂದು ಒಲೆಯ ಹತ್ತಿರ ಕುಳಿತಳು.

"ಅತ್ತಿ, ಶನಿವಾರ ಹೆಡ್ ಮಾಸ್ತರಗ ಹೇಳಿಬಿಡ್ತೇನಿ. ದಸರಾ ಸೂಟಿ ತನಕ ಅವರು ಕಾಯೂದು ಬ್ಯಾಡ, ನಾನೂ ಕಾಯೂದು ಬ್ಯಾಡ. ಹೊಲಿಗಿ ಮಷೀನ್ ತಗೊಂಡು ಮನ್ಯಾಗ ಇರ್ತೇನಿ."

ನಾನು ಹೂಂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬುತ್ತಿಯ ಡಬ್ಬಿ ಮುಚ್ಚುತ್ತಿದ್ದಾಗ, ಅವಳ ಮುಖ ನೋಡದೆ, ಎಮ್ಮೆಯ ಹಾಲಿನ ಗಿಂಡಿಗೆ ಹೇಳುವವಳಂತೆ ಹೇಳಿದೆ: "ಹಿಂದ ಕುಂತವ್ರಿಗೆ ಕೇಳವಲ್ದು."

"ಏನ್ ಕೇಳವಲ್ದು?"

"ನೀ ಹೇಳೂದು. ಲಾರಿ ಸಪ್ಪಳದಾಗ. ಏನಂದ್ರು ಏನಂದ್ರು ಅಂತ ಒಬ್ಬರಿಗೊಬ್ಬರು ಕೇಳ್ತಾವ."

ಅವಳು ಡಬ್ಬಿ ಕೆಳಗಿಟ್ಟಳು. "ಅಂದ್ರ ತಪ್ಪು ನಂದೇನ್ರಿ? ನೀವೂ ಅವರ ಕಡೆನ?"

ಇಷ್ಟಾದ ಮೇಲೆ ನಾನು ನಿಲ್ಲಬಹುದಿತ್ತು. ಆದರೆ ಅವಳ ತಾಯಿಗೆ ಹೂಂ ಅಂದದ್ದು ನೆನಪಿತ್ತು. ನನ್ನ ಜೀವನದಲ್ಲಿ ಅಷ್ಟು ಮಾತು ಒಂದೇ ಉಸಿರಿಗೆ ಎಂದೂ ಆಡಿರಲಿಲ್ಲ.

"ತಪ್ಪು ಯಾರದೂ ಅಲ್ಲವ್ವ. ನಿಮ್ಮ ಮಾವ ತ್ವಾಟಕ್ಕ ನೀರ ಬಿಡೂದು ನೀ ನೋಡೀಯಲ್ಲ? ಕಾಲುವಿ ಬಾಯಿ ತಗದ ಕೂಡ್ಲೆ ಮುಂದಿನ ಸಾಲಿಗೆ ಬಿಡತಿದ್ದಿಲ್ಲ. ಮುಂದಿನ ಸಾಲಿಗೆಲ್ಲ ಮಣ್ಣು ಕಟ್ಟಿ, ನೀರು ನೆಟ್ಟಗ ಕಡೇ ಸಾಲಿಗೆ ಒಯ್ದು, ಅಲ್ಲಿಂದ ಒಂದೊಂದ ಬಿಚ್ಕೋಂತ ಹಿಂದಕ್ಕ ಬರ್ತಿದ್ರು. ಮುಂದಿನವು ಬಾಗಿಲದಾಗ ಕುಂತಾವು, ಅವಕ್ಕ ಹೆಂಗಿದ್ರೂ ಸಿಗತೈತಿ ಅಂತಿದ್ರು. ಮುಂದಿಂದ ಬಿಟ್ರ ಮುಂದಿನ ಬಳ್ಳಿ ಬೇರು ಕೊಳೀತಾವು, ಹಿಂದಿನವು ಒಣಗತಾವು."

ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿ, ಕನ್ನಡಕವನ್ನು ಮುಟ್ಟಿ ನೋಡಿಕೊಂಡು, ಚಪ್ಪಲಿ ಮೆಟ್ಟಿ ಹೋದಳು. ಹೋಗಿಬರುತ್ತೇನೆ ಎಂದು ಹೇಳದೆ ಹೋದದ್ದು ಅದೇ ಮೊದಲು. ಇಡೀ ಹಗಲು ನಾನು ಮನೆಯಲ್ಲಿ ಎರಡೆರಡು ಸಲ ಕಸ ಗುಡಿಸಿದೆ.

ಸಂಜೆ ಬಸ್ಸು ತಡವಾಯಿತು. ಅವಳು ಒಳಗೆ ಬಂದವಳೇ ಚೀಲ ಇಟ್ಟು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಸುಮ್ಮನೆ ನಗತೊಡಗಿದಳು. ಗಂಟಲು ಕಟ್ಟಿರಲಿಲ್ಲ. ಅದನ್ನೇ ನಾನು ಮೊದಲು ಗಮನಿಸಿದ್ದು.

ಆ ದಿನ ಅವಳು ವರ್ಗಕ್ಕೆ ಹೋಗಿ, ಪಂಕ್ಚರ್ ಅಂಗಡಿಯ ಹುಡುಗಿಯನ್ನು ಎಬ್ಬಿಸಿ, ಪುಸ್ತಕ ಕೊಟ್ಟು ಬೋರ್ಡಿನ ಹತ್ತಿರ ನಿಲ್ಲಿಸಿದಳಂತೆ. ತಾನು ಹೋಗಿ ಅವಳ ಜಾಗದಲ್ಲಿ, ಕೊನೆಯ ಬೆಂಚಿನಲ್ಲಿ ಕುಳಿತಳಂತೆ. "ಓದವಾ." ಹುಡುಗಿ ಓದಿದಳು. ಹೊಲದ ಆಚೆಗೆ ಕೇಳಿಸುವ ಗಂಟಲು ಅವಳದು. ಆದರೂ ಒಂದು ಲಾರಿ ಬಂದ ಕೂಡಲೇ ಬರೀ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಒಂದೂ ಬರಲಿಲ್ಲ. ನಿಮ್ಮ ಅವ್ವ ತನಗೆ ಗೊತ್ತಿಲ್ಲದೆಯೇ ಪಕ್ಕದ ಹುಡುಗಿಗೆ, "ಏನಂದ್ಲು?" ಎಂದು ಕೇಳಿದಳು. ಇಡೀ ಬೆಂಚು ನಕ್ಕಿತು.

"ನಿಮಗೂ ಕೇಳಲಿಲ್ಲೇನ್ರಿ ಟೀಚರ್?"

"ಇಲ್ಲ."

"ನಮಗ ದಿನಾ ಹಿಂಗ ರೀ."

ಆಮೇಲೆ ಅವಳು ಎದ್ದು ಮುಂದೆ ಹೋಗಲಿಲ್ಲ. ಅಲ್ಲಿಂದಲೇ, ಹಿಂದಿನಿಂದಲೇ ಪಾಠ ಶುರು ಮಾಡಿದಳು. ಮುಂದಿನ ಬೆಂಚಿನವರು ಕತ್ತು ತಿರುಗಿಸಿ, "ಟೀಚರ್, ನಮ್ಮ ಕುತ್ತಿಗಿ ನೂಯಾಕತ್ತೈತ್ರಿ" ಎಂದು ಗೊಣಗಿದರು. "ಹಂಗಾದ್ರ ಹೊಳ್ಳಿ ಕುಂದರ್ರಿ" ಎಂದಳು. ಎಲ್ಲರೂ ಬೆಂಚಿನ ಮೇಲೆ ಕಾಲು ದಾಟಿಸಿ ಹಿಂದಕ್ಕೆ ಹೊರಳಿ ಕುಳಿತರು.

ಲಾರಿಗೆ ಏನು ಮಾಡುವುದು ಎಂಬುದು ಉಳಿಯಿತು. ಅದಕ್ಕೆ ಉಪಾಯ ಹೇಳಿದ್ದು ಆ ಹುಡುಗಿ. ಅಂಗಡಿಯಲ್ಲಿ ಹುಟ್ಟಿ ಬೆಳೆದವಳು, ಗಾಡಿ ಕಣ್ಣಿಗೆ ಕಾಣುವ ಮೊದಲೇ ಅವಳ ಕಿವಿಗೆ ಸಿಗುತ್ತಿತ್ತು. "ನಮ್ಮ ಅಪ್ಪ ಗಿರಾಕಿ ಜೋಡಿ ಮಾತಾಡುವಾಗ ಲಾರಿ ಬಂದ್ರ ಸುಮ್ಮನ ಕೈ ಎತ್ತಿ ನಿಲ್ತಾನ್ರಿ. ಹೋದ ಮ್ಯಾಲ ಮಾತಾಡ್ತಾನ. ಒದರಿದ್ರ ಗಂಟಲ ಯಾರ್ದು ಹೋಗೂದು ಅಂತಾನ." ನಿಮ್ಮ ಅವ್ವ ಒಪ್ಪಿದಳು. ಗಾಡಿ ಬರುವುದು ಕೇಳಿಸಿದ ಕೂಡಲೇ ಆ ಹುಡುಗಿ ಕೈಯೆತ್ತಬೇಕು. ಟೀಚರ್ ಮಾತು ನಿಲ್ಲಿಸಿ ತಾನೂ ಕೈಯೆತ್ತುತ್ತಾಳೆ. ಆಗ ಎಲ್ಲರೂ ಸುಮ್ಮನಿರಬೇಕು. ಗಾಡಿ ಹೋದ ಮೇಲೆ ಪಾಠ, ಬಿಟ್ಟ ಶಬ್ದದಿಂದಲೇ.

ಹುಡುಗರಿಗೆ ಅದು ಆಟವಾಯಿತು. ಕೈ ಮೇಲೆದ್ದರೆ ಎಲ್ಲರೂ ಕಿವಿಗೊಟ್ಟು ಕೂಡುವರು, ಬರುತ್ತಿರುವುದು ಬಸ್ಸೋ, ಟ್ಯಾಂಕರೋ, ಕಬ್ಬಿನ ಟ್ರ್ಯಾಕ್ಟರೋ ಎಂದು. ಕಿವಿಗೊಟ್ಟವರ ಬಾಯಿ ಹೇಗೆ ಆಡೀತು?

ಅಂದು ಮಧ್ಯಾಹ್ನ ಹೆಡ್ ಮಾಸ್ತರರು ಗಾಬರಿಯಿಂದ ಬಂದರಂತೆ. ಆ ಕಡೆಯಿಂದ ಗದ್ದಲವೇ ಇಲ್ಲ. ಬಾಗಿಲಲ್ಲಿ ನೋಡಿದರೆ ಬೋರ್ಡಿನ ಹತ್ತಿರ ಯಾರೂ ಇಲ್ಲ, ಹುಡುಗರೆಲ್ಲ ಬೆನ್ನು ತೋರಿಸಿ ಕುಳಿತಿದ್ದಾರೆ.

"ಟೀಚರ್ ಎಲ್ಲಿ ಹೋದ್ರಲೇ? ಯಾಕ ಎಲ್ಲಾರೂ ಗ್ವಾಡಿ ನೋಡ್ಕೋಂತ ಕುಂತೀರಿ?"

ಯಾರೂ ಉತ್ತರ ಕೊಡಲಿಲ್ಲ. ಹಿಂದಿನಿಂದ ಎರಡು ಕೈ ಮೇಲೆದ್ದಿದ್ದವು, ಒಂದು ಟೀಚರದು, ಒಂದು ಆ ಹುಡುಗಿಯದು. ಲಾರಿ ಹೋಗುವ ತನಕ ಹೆಡ್ ಮಾಸ್ತರರೂ ಕೋಲು ಹಿಡಿದು ಸುಮ್ಮನೆ ನಿಂತರು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮರುವಾರ ಆ ಹುಡುಗಿಗೆ ಜ್ವರ ಬಂತು, ಎರಡು ದಿನ ಕೈಯೆತ್ತುವವರಿಲ್ಲದೆ ಮತ್ತೆ ಸಂತೆ. ಆಗ ಬೇರೆ ಮಕ್ಕಳು ಕಲಿತರು. ಕೆಲವರು ಲಾರಿ ಇಲ್ಲದಿದ್ದರೂ ಕೈಯೆತ್ತಿ ಪಾಠ ನಿಲ್ಲಿಸಿದರು. ಮಳೆ ಜೋರಾದ ದಿನ ತಗಡಿನ ಚಾವಣಿಯ ಸಪ್ಪಳಕ್ಕೆ ಯಾವ ಕೈಯೂ ಸಾಲಲಿಲ್ಲ, ಅಂದು ಎಲ್ಲರಿಗೂ ಬರೆಯುವ ಲೆಕ್ಕ. ನಿಮ್ಮ ಅವ್ವ ಕೆಲವು ದಿನ ಹಿಂದಿನಿಂದ, ಕೆಲವು ದಿನ ನಡುವಿನಿಂದ ಪಾಠ ಮಾಡಿದಳು. ಸಿಟ್ಟು ಬಂದ ದಿನಗಳೂ ಇದ್ದವು. ಆದರೆ ಶನಿವಾರ ಬಂದಿತ್ತು, ಹೋಗಿತ್ತು, ಅವಳು ಹೆಡ್ ಮಾಸ್ತರರಿಗೆ ಹೇಳಬೇಕಾದ ಮಾತು ಹೇಳಿರಲಿಲ್ಲ. ನಾನೂ ಕೇಳಲಿಲ್ಲ.

ದಸರಾ ಸೂಟಿ ಬಿಡುವ ದಿನ ಅವರೇ ಕರೆಸಿದರಂತೆ. ಇವಳು ಸೀರೆಯ ಸೆರಗು ಹಿಡಿದುಕೊಂಡು ನಿಂತಿದ್ದಳು. ಅವರು ಕನ್ನಡಕದ ಮೇಲಿನಿಂದ ನೋಡಿ, "ಸೂಟಿ ಆದ ಮ್ಯಾಲ ಆರನೇ ವರ್ಗನೂ ತಗೋರಿ ಟೀಚರ. ಅಲ್ಲಿ ಗದ್ದಲ ಬಾಳ ಆಗೈತಿ" ಎಂದರು. ಇದನ್ನು ಹೇಳುವಾಗ ಅವಳು ನಕ್ಕಳೋ ಅತ್ತಳೋ ನನಗೆ ಸರಿಯಾಗಿ ತಿಳಿಯಲಿಲ್ಲ. ಅಂದು ಒಂದು ರೊಟ್ಟಿ ಹೆಚ್ಚು ತಿಂದಳು. ಅಷ್ಟು ಗೊತ್ತು.

ಆ ಹುಡುಗಿ ಈಗ ಶಿಗ್ಗಾಂವಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಹಿಂದಿನ ತಿಂಗಳು ಬಸ್ಸಿನಲ್ಲಿ ಸಿಕ್ಕಿದ್ದಳು. ನಾನು ಗುರುತು ಹಿಡಿಯಲಿಲ್ಲ. ಅವಳೇ ಬಂದು, "ಆಯಿ, ಚಸ್ಮಾ ತಂದಿದ್ರಲ್ಲ, ನೀವ ಹೌದಲ್ಲ?" ಎಂದಳು. ನಾನು ಏನೋ ಹೇಳಲು ಬಾಯಿ ತೆರೆದೆ, ಎದುರಿನ ಬಸ್ಸು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಅವಳು ಕೈಯೆತ್ತಿ ಕಾದಳು. ಹೋದ ಮೇಲೆ, "ಈಗ ಹೇಳ್ರಿ" ಎಂದಳು. ಶಿಗ್ಗಾಂವಿ ಬರುವವರೆಗೆ ನಾನು ಮಾತಾಡುತ್ತಲೇ ಇದ್ದೆ.

ಅದಕ್ಕೇ ಮಕ್ಕಳೇ, ನೀವು ನಗುವುದನ್ನು ಬಿಡಬೇಕಿಲ್ಲ. ನಿಮ್ಮ ಅವ್ವನೂ ನಗುತ್ತಾಳೆ. ನಾಳೆ ಮಿಕ್ಸರ್ ನಿಂತಾಗ ಒಂದು ನೋಡಿ. ಅವಳ ಕೈ ಕೆಳಗೆ ಬರುತ್ತದೆ. ನೀವಿಬ್ಬರೂ ಅವಳ ಮಗ್ಗುಲಲ್ಲೇ ಇರುತ್ತೀರಿ, ಆದರೆ ಅವಳು ನಿಮ್ಮ ಕಡೆ ನೋಡುವುದಿಲ್ಲ. ನಾನು ಪಡಸಾಲೆಯ ಆ ತುದಿಗೆ, ಕಂಬದ ಹತ್ತಿರ ಕುಳಿತಿರುತ್ತೇನಲ್ಲ, ಮೊದಲು ಅಲ್ಲಿಗೆ ತಿರುಗುತ್ತಾಳೆ.

"ಅತ್ತಿ, ಕೇಳಸ್ತೇನ್ರಿ?"

ಕೇಳಿಸದಿದ್ದರೆ ಈಗ ನಾನು "ಇಲ್ಲ" ಎನ್ನುತ್ತೇನೆ.